ಡಬ್ಬಿಯ ಹಣೆಗೆ ಭಂಡಾರ

ಪೂರ್ತಿ ಸತ್ತ ಕಂಪ್ಯೂಟರಿನ ಮೇಲೆ ಗುರುನಾಥನಿಗೆ ಎಂದೂ ಸಿಟ್ಟಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತದು, ಫ್ಯಾನ್ ತಿರುಗದು. ಯಾವ ಭಾಗ ಸುಟ್ಟಿದೆ ಎಂದು ಹುಡುಕಿ ಹೊಸದು ಕೂರಿಸಿದರೆ ಮುಗಿಯಿತು. ಅವನಿಗೆ ಮೈ ಉರಿಯುವುದು ಅರ್ಧ ಎದ್ದು ಅಲ್ಲೇ ಕೂತುಬಿಡುವ ಕಂಪ್ಯೂಟರ್ ಕಂಡರೆ. ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆಯ ಮೇಲೆ ಕಂಪನಿಯ ಗುರುತು ಮೂಡುತ್ತದೆ, ಅದರ ಕೆಳಗೆ ಬಿಳಿ ಚುಕ್ಕೆಗಳು ಗಾಣದೆತ್ತಿನ ಹಾಗೆ ಸುತ್ತತೊಡಗುತ್ತವೆ. ನೀವು ಚಹಾ ಕುಡಿದು ಬನ್ನಿ, ಊಟ ಮಾಡಿ ಬನ್ನಿ, ಇನ್ನೂ ಸುತ್ತುತ್ತಲೇ ಇರುತ್ತವೆ. ಅಂಥದ್ದು ಬಂದಾಗ ಅವನು ಅದರ ಎದುರು ಕೂತು, ಹಟ ಹಿಡಿದ ಕೂಸಿಗೆ ಹೇಳಿದಂತೆ, "ಏಳ್ತಿ ಅಂದ್ರ ಏಳು, ಇಲ್ಲಾಂದ್ರ ಮಲಕ್ಕೋ. ನಡುವ ಕುಂತು ನನ್ನ ಜೀಂವಾ ತಿನ್ನಬ್ಯಾಡ," ಎನ್ನುತ್ತಿದ್ದ.

ಉಮರ್ಗಾದಲ್ಲಿ ಅವನ ಅಂಗಡಿ ಹೆದ್ದಾರಿಯ ಮಗ್ಗುಲಿಗೇ ಇದೆ. ಹೈದರಾಬಾದಿನ ಕಡೆ ಹೋಗುವ ಲಾರಿ ಒಂದೊಂದು ಹಾದುಹೋದಾಗಲೂ ಮೇಜಿನ ಮೇಲಿನ ಸ್ಕ್ರೂಗಳು ತಟ್ಟೆಯಲ್ಲಿ ಕುಣಿಯುತ್ತವೆ. ಇಂಥ ಜಾಗದಲ್ಲಿ ಸೂಕ್ಷ್ಮ ಕೆಲಸ ಹೇಗೆ ಮಾಡುತ್ತಾನೋ ಎಂದು ಕೇಳಿದವರಿಗೆ, ಕುರಿ ಹಿಂಡಿನ ನಡುವೆ ನಿದ್ದೆ ಮಾಡಿ ಬೆಳೆದವನಿಗೆ ಲಾರಿ ಯಾವ ಲೆಕ್ಕ ಎಂದು ನಗುತ್ತಿದ್ದ. ಅವನ ಮನೆತನ ತುರೋರಿಯದು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕುರಿ ಕಾಯ್ದವರು, ಬೀರಪ್ಪನ ಒಕ್ಕಲು. ಇವನನ್ನೂ ಕುರಿಯ ಹಿಂದೆ ಕಳಿಸಿ ನೋಡಿದರು. ಇವನು ಗಿಡದ ನೆರಳಲ್ಲಿ ಯಾರದೋ ಹಳೆಯ ರೇಡಿಯೊ ಬಿಚ್ಚಿಕೊಂಡು ಕೂತ, ಕುರಿಗಳು ಪರರ ಕಬ್ಬಿನಲ್ಲಿ ಹೊಕ್ಕು ಹಬ್ಬ ಮಾಡಿದವು. ಹೊಲದವನು ಮನೆ ಬಾಗಿಲಿಗೆ ಬಂದು ಬೈದ ಮೇಲೆ ಅಪ್ಪನಿಗೆ ಸಾಕುಸಾಕಾಗಿ, ಈ ಮಗನನ್ನು ಉಮರ್ಗಾದ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ. ಊರಿನವರು ಇದನ್ನು ಓದಿನ ಮೇಲಿನ ಪ್ರೀತಿ ಎಂದುಕೊಂಡರು. ನಿಜ ಹೇಳಬೇಕೆಂದರೆ ಅದು ಕಬ್ಬಿನ ಮೇಲಿನ ಭಯ.

ಆದರೂ ಕುರಿಯ ಮನೆಯಿಂದ ಒಂದು ರೂಢಿಯನ್ನು ಅವನು ಅಂಗಡಿಗೆ ತಂದಿದ್ದ. ಹಿಂಡಿಗೆ ಜಂತಿನ ಔಷಧ ಕುಡಿಸುವ ದಿನ ದೊಡ್ಡ ಗದ್ದಲ. ಒಂದನ್ನು ಹಿಡಿದು ಬಾಯಿಗೆ ಹೊಯ್ದು ಬಿಟ್ಟರೆ ಅದು ಮತ್ತೆ ಹಿಂಡಿನಲ್ಲಿ ಬೆರೆತುಹೋಗುತ್ತದೆ. ಯಾವುದು ಕುಡಿಯಿತು, ಯಾವುದು ಉಳಿಯಿತು ಎಂದು ದೇವರೇ ಹೇಳಬೇಕು. ಅದಕ್ಕೇ ಅಪ್ಪ ಸೊಂಟದಲ್ಲಿ ಬೀರಪ್ಪನ ಭಂಡಾರದ, ಎಂದರೆ ದೇವರ ಅರಿಸಿನ ಪುಡಿಯ, ಚೀಲ ಸಿಗಿಸಿಕೊಂಡಿರುತ್ತಿದ್ದ. ಔಷಧ ಕುಡಿದ ಕುರಿಯ ಹಣೆಗೆ ಹೆಬ್ಬೆರಳಿನಿಂದ ಒಂದು ಹಳದಿ ಬೊಟ್ಟು ಎಳೆದು ಬಿಡುತ್ತಿದ್ದ. ದೇವರ ಹೆಸರೂ ಆಯಿತು, ಗುರುತೂ ಆಯಿತು. ಆ ಕಡೆಯ ಎಲ್ಲ ಹಟ್ಟಿಗಳಲ್ಲೂ ಇದೇ ಪದ್ಧತಿ.

ಗುರುನಾಥನ ಅಂಗಡಿಯಲ್ಲಿ ಔಷಧದ ಜಾಗದಲ್ಲಿ ಬಂದದ್ದು ಗಿರಾಕಿಗಳ ಫೋಟೋ, ಲಗ್ನದ ವಿಡಿಯೊ, ಮಕ್ಕಳ ಮಾರ್ಕ್ಸ್ ಕಾರ್ಡು. ಅರ್ಧ ಏಳುವ ಯಾವ ಕಂಪ್ಯೂಟರ್ ಬಂದರೂ ಮೊದಲು ರಿಪೇರಿಗೆ ಕೈ ಹಚ್ಚಬಾರದು, ಮೊದಲು ಅದರೊಳಗಿನದನ್ನೆಲ್ಲ ಹೊರಗೆ ತೆಗೆದಿಡಬೇಕು ಎಂಬುದು ಅವನ ಕಟ್ಟುನಿಟ್ಟು. ಆ ಕೆಲಸ ಹೆಂಡತಿ ಶೀತಲಳದು. ನಿಲಂಗಾದ ಹೆಣ್ಣು, ಕೈ ಚುರುಕು, ಬಾಯಿ ಇನ್ನೂ ಚುರುಕು. ಮುಂಜಾನೆ ಅಂಗಡಿಗೆ ಬಂದು, ಪೆನ್‌ಡ್ರೈವಿನಲ್ಲಿದ್ದ ಬೇರೆಯ ಒಂದು ಸಿಸ್ಟಮ್ಮಿನಿಂದ ಕಂಪ್ಯೂಟರನ್ನು ಎಬ್ಬಿಸಿ, ಒಳಗಿರುವುದನ್ನೆಲ್ಲ ತಮ್ಮ ದೊಡ್ಡ ಡಿಸ್ಕಿಗೆ ಸಾಗಿಸುತ್ತಿದ್ದಳು. ಮುಗಿದ ಮೇಲೆ ಡಬ್ಬಿಯ ಮುಂಭಾಗದಲ್ಲಿ, ಗುಂಡಿಯ ಮೇಲ್ಗಡೆ, ಹೆಬ್ಬೆರಳಿನಿಂದ ಭಂಡಾರದ ಒಂದು ಗೆರೆ ಎಳೆದು ಮನೆಗೆ ಹೋಗುತ್ತಿದ್ದಳು. ಶಾಲೆ, ಕಚೇರಿ ಎಂದು ರಿಪೇರಿಗೆ ಸುತ್ತಾಡಿ ಬರುವ ಗುರುನಾಥ ಮಧ್ಯಾಹ್ನದ ಮೇಲೆ ಅಂಗಡಿ ಹೊಕ್ಕು, ಹಳದಿ ಇದ್ದದ್ದನ್ನು ಮಾತ್ರ ಮೇಜಿಗೆ ಎತ್ತಿಕೊಳ್ಳುತ್ತಿದ್ದ. ಗಂಡ ಹೆಂಡತಿ ಅಂಗಡಿಯಲ್ಲಿ ಭೇಟಿಯಾಗುವುದೇ ಅಪರೂಪ. ಇಬ್ಬರ ನಡುವೆ ಆ ಬೊಟ್ಟೇ ಮಾತಾಡುತ್ತಿತ್ತು.

ಪಕ್ಕದಲ್ಲಿ ಮೊಬೈಲ್ ಕವರ್ ಮಾರುವ ನಾಗನಾಥನಿಗೆ ಇದು ದಿನದ ತಮಾಷೆ. "ಕಾಯ ರೆ, ಕಂಪ್ಯೂಟರಲಾ ಹಳದ ಲಾವಲಿ, ಲಗ್ನ ಕಧೀ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದ. ಅರಿಸಿನ ಹಚ್ಚಿದ್ದಾಯಿತು, ಮದುವೆ ಯಾವಾಗ ಎಂದು. ಗುರುನಾಥ ನಕ್ಕು ಸುಮ್ಮನಾಗುತ್ತಿದ್ದ. ಅವನಿಗೆ ಒಳಗೊಳಗೆ ಹೆಮ್ಮೆ. ಅಂಗಡಿ ತೆಗೆದಾಗಿನಿಂದ ಯಾರದೂ ಒಂದು ಫೋಟೋ ಸಹ ಕಳೆದದ್ದಿಲ್ಲ ಎಂದು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದ. ಮೊದಮೊದಲು ಬೊಟ್ಟು ಕಂಡರೂ ಒಮ್ಮೆ ದೊಡ್ಡ ಡಿಸ್ಕ್ ತೆರೆದು ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಬೊಟ್ಟು ಎಂದೂ ಸುಳ್ಳು ಹೇಳಲಿಲ್ಲವಾಗಿ ಬರಬರುತ್ತ ಆ ಖಾತ್ರಿಯನ್ನು ಬಿಟ್ಟುಕೊಟ್ಟ. ಹೆಮ್ಮೆ ಮನುಷ್ಯನನ್ನು ಸೋಮಾರಿ ಮಾಡುವುದು ಹೀಗೇ.

ಇಂಥವನಿಗೆ ಒಂದು ದಿನ ದೇವಣಿ ಕಡೆಯ ಹಟ್ಟಿಯಿಂದ ಮಾಳಪ್ಪ ಎಂಬ ತರುಣ ಫೋನ್ ಮಾಡಿದ. ದೂರದ ಬಳಗ. ಅವನ ಕಾಕಾ ಅಮೃತಪ್ಪನನ್ನು ಗುರುನಾಥ ಚೆನ್ನಾಗಿ ಬಲ್ಲ. ಬೀರಪ್ಪನ ಹೆಸರಿನಲ್ಲಿ ಎಲ್ಲಿ ಡೊಳ್ಳು ಎದ್ದರೂ ಪದ ಎತ್ತುವವನು ಅಮೃತಪ್ಪನೇ. ಆ ದನಿ ಏರಿದರೆ ಡೊಳ್ಳಿನವರೇ ತಾಳ ಮರೆತು ಅವನ ಮೋರೆ ನೋಡುತ್ತಿದ್ದರು. ಆ ಗಂಟಲಿಗೇ ಗಡ್ಡೆ ಬಂತು. ಸೊಲ್ಲಾಪುರದ ಡಾಕ್ಟರು ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂದರು. ತೆಗೆದರು. ಮನುಷ್ಯ ಉಳಿದ.

ಆಪರೇಷನ್ನಿಗೆ ಹೋಗುವ ಮೊದಲು ಮಾಳಪ್ಪ ಒಂದು ಒಳ್ಳೆಯ ಕೆಲಸ ಮಾಡಿದ್ದ. ಕಾಕಾನನ್ನು ಗೋಡೆಗೆ ಒರಗಿಸಿ ಕೂರಿಸಿ, ಅವನು ಬಲ್ಲ ಪದಗಳನ್ನೆಲ್ಲ ಫೋನಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿದ್ದ. ಜೊತೆಗೆ ಸಂಜೆ ಕುರಿಗಳನ್ನು ಹಟ್ಟಿಗೆ ಕರೆಯುವ ಕೂಗನ್ನೂ ಹಿಡಿದಿದ್ದ. ಅಮೃತಪ್ಪ ಮೂಕನಾಗಿ ಮನೆಗೆ ಬಂದ ಮೇಲೆ ಕುರಿಗಳು ಬೇರೆ ಯಾರ ಕೂಗಿಗೂ ಕಿವಿ ಕೊಡಲಿಲ್ಲ. ಆಗ ಮಾಳಪ್ಪ ಕಂಪ್ಯೂಟರಿಗೆ ಒಂದು ಸ್ಪೀಕರ್ ಜೋಡಿಸಿ ಬೇವಿನ ಗಿಡಕ್ಕೆ ಕಟ್ಟಿದ. ಹೊತ್ತು ಇಳಿಯುವಾಗ ಸ್ಪೀಕರಿನಿಂದ ಅಮೃತಪ್ಪನ ಕೂಗು ಹೊರಟರೆ, ಅಡವಿಯಲ್ಲಿದ್ದ ಕುರಿಗಳೆಲ್ಲ ತಲೆ ಎತ್ತಿ, ಸಾಲು ಹಿಡಿದು ಬರುತ್ತಿದ್ದವು. ಅಮೃತಪ್ಪ ಹಟ್ಟಿಯ ಬಾಗಿಲಲ್ಲಿ ನಿಂತು ತನ್ನ ದನಿಯನ್ನು ತಾನೇ ಕೇಳುತ್ತಿದ್ದ. ಅವನ ಹೆಂಡತಿ ಶಿವಕಾಂತಾ ಆ ಹೊತ್ತಿಗೆ ಸರಿಯಾಗಿ ಜೋಳ ಹಸನು ಮಾಡುವ ನೆಪ ತೆಗೆದು ಬೇವಿನ ಬುಡದಲ್ಲಿ ಕೂರುತ್ತಿದ್ದಳು. ಇಡೀ ವರ್ಷ ಅಷ್ಟು ಜೋಳ ಯಾರೂ ಹಸನು ಮಾಡುವುದಿಲ್ಲ.

ಈಗ ಆ ಕಂಪ್ಯೂಟರ್ ಅರ್ಧ ಎದ್ದು ಚುಕ್ಕೆ ಸುತ್ತುತ್ತ ಕೂತಿತ್ತು.

"ಉದಗೀರದಾಗ ತೋರ್ಸೀನಿ ಅಣ್ಣಾ," ಎಂದ ಮಾಳಪ್ಪ ಫೋನಿನಲ್ಲಿ. "ಅಂವಾ, ಹೊಸಾ ವಿಂಡೋಸ್ ಹಾಕ್ಬೇಕು, ಒಳಗಿಂದು ಉಳೀತದೋ ಇಲ್ಲೋ ನಾ ಜವಾಬ್ದಾರ ಅಲ್ಲ ಅಂದ. ನಾ ಎತ್ಕೊಂಡ ಬಂದ್ಬಿಟ್ಟೆ. ಮಷೀನ ಹೋದ್ರ ಹೋಗವಲ್ದ್ಯಾಕ, ಕಾಕಾನ ದನಿ ಉಳೀಬೇಕು."

"ಫೋನಿನಾಗ ಇಟ್ಕೊಂಡಿಲ್ಲೇನು?"

"ಜಾಗಾ ಸಾಲವಲ್ದಂತ ಅಳಿಸೀನಿ. ಅದರಾಗ ಬಿಟ್ಟು ಬ್ಯಾರೆ ಎಲ್ಲೂ ಇಲ್ಲ."

"ಚಿಂತಿ ಬ್ಯಾಡ. ಉಮರ್ಗಾಕ್ಕ ತಗೊಂಡ ಬಾ. ನನ್ನ ಅಂಗಡ್ಯಾಗ ಇಲ್ಲೀತನಕ ಯಾರದೂ ಏನೂ ಹೋಗಿಲ್ಲ," ಎಂದ ಗುರುನಾಥ. ಹಾಗೆ ಹೇಳುವಾಗ ಅವನ ಎದೆ ಒಂದಿಷ್ಟು ಉಬ್ಬಿತ್ತು ಎಂಬುದನ್ನೂ ಹೇಳಿಬಿಡಬೇಕು.

ಮಾಳಪ್ಪ ಬಸ್ಸಿನಲ್ಲಿ ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ ತಂದ ದಿನ ಶೀತಲ ಅಂಗಡಿಯಲ್ಲಿ ಒಬ್ಬಳೇ ಇದ್ದಳು. ನಿಲಂಗಾದಿಂದ ಆಗಷ್ಟೇ ಫೋನ್ ಬಂದಿತ್ತು. ಅವಳ ತಾಯಿ ಕುಸುಮಬಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ನಿಲಂಗಾದ ಬಸ್ಸಿಗೆ ಹೊತ್ತಾಗಿತ್ತು. ಮಾಳಪ್ಪ ಕಂಬಳಿ ಬಿಚ್ಚಿಕೊಂಡು, ಡಬ್ಬಿಯನ್ನು ಒಳಗಿಟ್ಟು ಹೋದ. ಶೀತಲ ಅದರ ಹಣೆಯ ಮೇಲಿದ್ದ ಭಂಡಾರವನ್ನು ನೋಡಿದಳು, ನೋಡಿಯೂ ಗಮನಿಸಲಿಲ್ಲ. ಬೀರಪ್ಪನ ಮನೆಯವರು ಯಾವುದಕ್ಕೆ ಭಂಡಾರ ಹಚ್ಚುವುದಿಲ್ಲ? ಮೋಟರ್ ಸೈಕಲ್ಲಿಗೆ ಹಚ್ಚುತ್ತಾರೆ, ಫ್ರಿಜ್ಜಿಗೆ ಹಚ್ಚುತ್ತಾರೆ, ದವಾಖಾನೆಗೆ ಹೊರಟ ಮನುಷ್ಯನಿಗೂ ಹಚ್ಚುತ್ತಾರೆ. ಊರು ಬಿಟ್ಟು ಹೊರಟ ಡಬ್ಬಿಗೆ ಶಿವಕಾಂತಾ ಹಚ್ಚದೆ ಕಳಿಸುತ್ತಾಳೆಯೇ. ತಾನಿನ್ನೂ ಏನೂ ತೆಗೆದಿಟ್ಟಿಲ್ಲ, ಬಂದ ಮೇಲೆ ಮಾಡಿದರಾಯಿತು, ಅಲ್ಲಿಯವರೆಗೆ ಗಂಡ ಇದನ್ನು ಮುಟ್ಟುವುದಿಲ್ಲ ಎಂದುಕೊಂಡು, ಅವನಿಗೆ ಫೋನಿನಲ್ಲಿ ತಾಯಿ ಬಿದ್ದ ಸುದ್ದಿ, ದೇವಣಿಯ ಡಬ್ಬಿ ಬಂದ ಸುದ್ದಿ ಅಷ್ಟೇ ಹೇಳಿ ಶೀತಲ ಬಸ್ಸು ಹಿಡಿದಳು.

ಗುರುನಾಥ ಮಧ್ಯಾಹ್ನ ಬಂದ. ಡಬ್ಬಿ ಕಂಡಿತು, ಅದರ ಹಣೆಯ ಮೇಲೆ ಗುಂಡಿಯ ಮೇಲ್ಗಡೆ ಹೆಬ್ಬೆರಳಿನ ಅಗಲದ ಹಳದಿ ಗೆರೆ ಕಂಡಿತು. ತಾಯಿ ಬಿದ್ದ ಸುದ್ದಿ ಬಂದ ಗಡಿಬಿಡಿಯಲ್ಲೂ ಮೊದಲು ಅಮೃತಪ್ಪ ಕಾಕಾನ ದನಿ ತೆಗೆದಿಟ್ಟು ಹೋಗಿದ್ದಾಳಲ್ಲ ಎಂದು ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಉಕ್ಕಿತು. ಆ ಪ್ರೀತಿಯಲ್ಲೇ ಸ್ಟೂಲ್ ಎಳೆದುಕೊಂಡು ಕೂತ.

ಒಡನೆಯೇ ಅಳಿಸಿದ ಎಂದುಕೊಳ್ಳಬೇಡಿ, ಅವನು ಅಂಥವನಲ್ಲ. ಮೊದಲು ಕಂಪ್ಯೂಟರ್ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆಯೇ ನೋಡಿದ. ಅದು ಬಹಳ ಹೊತ್ತು ಯೋಚಿಸಿ, ತನ್ನಿಂದಾಗದು ಎಂದಿತು. ಡಿಸ್ಕಿನಲ್ಲಿ ಕೆಟ್ಟ ಜಾಗ ಎಲ್ಲೆಲ್ಲಿದೆ ಎಂದು ಹುಡುಕಿಸಿದ. ಏಳುವಾಗ ಮೊದಲು ಯಾವ ಫೈಲ್ ಓದಬೇಕು ಎಂಬ ದಾರಿಯನ್ನು ಹೊಸದಾಗಿ ಬರೆದ. ಒಮ್ಮೆ ಚುಕ್ಕೆಗಳು ನಿಂತು ಪರದೆ ನೀಲಿಯಾಯಿತು, ಎದ್ದೇಬಿಟ್ಟಿತು ಎಂದು ಅವನು ಮುಂದೆ ಬಾಗಿದ. ಮತ್ತೆ ಕಪ್ಪಾಗಿ ಚುಕ್ಕೆ ಸುತ್ತತೊಡಗಿತು. "ನಿನ್ನ ಸೊಕ್ಕ ಮುರೀತೀನಿ ತಡಿ," ಎಂದು ಗೊಣಗಿ, ಹಳೆಯದನ್ನು ಒರೆಸಿ ಹೊಸ ವಿಂಡೋಸ್ ಹಾಕಲು ಕೂತ. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಅದು ಕೇಳಿತು. ಅಂಥ ಪ್ರಶ್ನೆಗೆ ಹೌದು ಎಂದು ಒತ್ತುವಾಗ ಗುರುನಾಥ ಯಾವಾಗಲೂ ಒಮ್ಮೆ ಬೊಟ್ಟಿನ ಕಡೆ ನೋಡುತ್ತಿದ್ದ. ಆಗಲೂ ನೋಡಿದ. ಹಳದಿ ಇತ್ತು. ಒತ್ತಿದ.

ಸಂಜೆಯ ಹೊತ್ತಿಗೆ ಕಂಪ್ಯೂಟರ್ ಮದುಮಗನ ಹಾಗೆ ಎದ್ದು ನಿಂತಿತು. ಇನ್ನು ದನಿಯನ್ನು ಮರಳಿ ಅದರೊಳಗೆ ಹಾಕಬೇಕು ಎಂದು ತಮ್ಮ ದೊಡ್ಡ ಡಿಸ್ಕ್ ತೆರೆದ. ದೇವಣಿಯ ಹೆಸರಿನ ಫೋಲ್ಡರ್ ಇರಲಿಲ್ಲ. ಅಮೃತಪ್ಪನ ಹೆಸರಿನದೂ ಇರಲಿಲ್ಲ. ಗಡಿಬಿಡಿಯಲ್ಲಿ ಬೇರೆ ಹೆಸರು ಕೊಟ್ಟಿರಬಹುದೆಂದು ಆ ದಿನದ್ದನ್ನೆಲ್ಲ ಹುಡುಕಿದ. ಆ ದಿನ ಡಿಸ್ಕಿಗೆ ಏನೂ ಬಂದೇ ಇರಲಿಲ್ಲ. ಫೋನ್ ಎತ್ತಿದ.

"ಶೀತಲ, ದೇವಣಿ ಮಷೀನಿಂದು ಎಲ್ಲಿ ಇಟ್ಟೀದಿ?"

"ಒಳಗ ಗ್ವಾಡಿ ಬಾಜೂಕ ಅದಲ್ಲ. ಕಾಣವಲ್ದೇನು?"

"ಮಷೀನ ಅಲ್ಲ. ಅದರಾಗಿನ ಸಾಮಾನು. ದನಿ."

"ನಾ ಇನ್ನಾ ತಗದೇ ಇಲ್ಲ. ಅವ್ವಗ ಹಿಂಗಾಗ್ಯಾದ ಅಂತ ಹಂಗೇ ಬಿಟ್ಟು ಬಂದೀನಿ. ನಾಳಿಗಿ ಬಂದು ತಗೀತೀನಿ."

ಅವನು ಡಬ್ಬಿಯ ಹಣೆಯ ಕಡೆ ತಿರುಗಿ ನೋಡಿದ.

"ಏನ್ರೀ?"

"ಭಂಡಾರ ಹಚ್ಚೀದಲ್ಲ."

"ನಾ ಎಲ್ಲಿ ಹಚ್ಚೀನಿ? ಅದು ಬರುವಾಗೇ ಇತ್ತು. ಅವರು ಮನ್ಯಾಗ ಹಚ್ಚಿ ಕಳಸ್ಯಾರ." ಆಮೇಲೆ ಅವಳಿಗೇ ಹೊಳೆಯಿತು. ಅವಳ ದನಿ ಇಳಿಯಿತು. "ನೀವು ಏನರೆ ಮಾಡಿದ್ರೇನು?"

ಗುರುನಾಥನ ಕೈಯಿಂದ ಫೋನ್ ಜಾರಿ ಸ್ಕ್ರೂ ತಟ್ಟೆಯಲ್ಲಿ ಬಿತ್ತು. ಹೊರಗೆ ಲಾರಿ ಹಾದುಹೋಯಿತು, ತಟ್ಟೆಯಲ್ಲಿ ಸ್ಕ್ರೂಗಳು ಕುಣಿದವು. ಅವನಿಗೆ ಮೊದಲು ತೋರಿದ್ದು ಒಂದೇ, ವಯರ್ ಕಿತ್ತು ಕಂಪ್ಯೂಟರನ್ನು ಆರಿಸಿದ. ಹೊಸ ಸಿಸ್ಟಮ್ ಒಂದೊಂದು ಕ್ಷಣ ಓಡಿದಷ್ಟೂ ಹಳೆಯದರ ಮೇಲೆ ಕೂರುತ್ತ ಹೋಗುತ್ತದೆ ಎಂಬುದು ಅವನಿಗೆ ಗೊತ್ತು. ಆರಿಸಿದ ಮೇಲೆ ಅದರ ಎದುರು ಹಾಗೇ ಕೂತುಬಿಟ್ಟ. ಏಳಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಅಮೃತಪ್ಪನ ಗಂಟಲನ್ನು ಒಮ್ಮೆ ಡಾಕ್ಟರು ಕೊಯ್ದಿದ್ದರು. ಎರಡನೇ ಸಲ ಕೊಯ್ದವನು ತಾನು ಎಂದು ಅವನಿಗೆ ಅನ್ನಿಸಿತು.

"ಕಾಯ ಝಾಲಂ ರೆ?" ಏನಾಯಿತು ಎಂದು ಕೇಳುತ್ತ ನಾಗನಾಥ ಇಣುಕಿದ. ಗುರುನಾಥನ ಮುಖ ನೋಡಿ ಅವನ ತಮಾಷೆಯೂ ಬಾಯಲ್ಲೇ ಉಳಿಯಿತು. ತನ್ನ ಅಂಗಡಿಯಿಂದ ನೀರು ತಂದುಕೊಟ್ಟು, ಏನೂ ಕೇಳದೆ ಹೋದ.

ಅಳಿದ ಫೈಲುಗಳನ್ನು ಹುಡುಕಿ ತೆಗೆಯುವ ಪ್ರೋಗ್ರಾಮುಗಳಿವೆ. ಬಲ್ಲದ್ದನ್ನೆಲ್ಲ ಗುರುನಾಥ ಆ ಡಿಸ್ಕಿಗೆ ಹಚ್ಚಿದ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಮೂಲೆ ಮೂಲೆ ಕೆದಕಿಸಿದ. ಹೆಸರಿಲ್ಲದ ಫೈಲುಗಳು ರಾಶಿ ರಾಶಿ ಬಂದವು. ಅರ್ಧ ಮುಖದ ಫೋಟೋಗಳು, ತಲೆಯಿಲ್ಲದ ಕುರಿಗಳು, ಯಾರದೋ ಲಗ್ನದ ಹಂದರದ ಒಂದು ತುಂಡು. ದನಿಯ ಫೈಲುಗಳೂ ಬಂದವು, ಆದರೆ ತೆರೆದರೆ ಬಾಣಲೆಯಲ್ಲಿ ಎಣ್ಣೆ ಸಿಡಿದಂತೆ ಚರಚರ ಎನ್ನುವ ಸದ್ದು ಮಾತ್ರ. ಹೊಸ ವಿಂಡೋಸ್ ಸರಿಯಾಗಿ ಆ ಪದಗಳಿದ್ದ ಜಾಗದಲ್ಲೇ ಹಾಸಿಗೆ ಹಾಸಿಕೊಂಡಿತ್ತು. ಒಂದೊಂದನ್ನೇ ಕಿವಿಗೆ ಹಿಡಿದು ಕೇಳಿದ. ಕೂಗು ಸಿಗಲಿಲ್ಲ. ಒಂದು ಪದವೂ ಸಿಗಲಿಲ್ಲ. ಕೊನೆಕೊನೆಗೆ ಒಂದು ಸಣ್ಣ ತುಂಡು ಸಿಕ್ಕಿತು. ಅದು ಹಾಡಲ್ಲ. ಹಾಡಿನ ಮೊದಲಿನ ಕೆಮ್ಮು, ನಾಯಿಯ ಸದ್ದು, ಎರಡು ಮಾತು, ಅಷ್ಟೇ.

ಮಾಳಪ್ಪ ಫೋನ್ ಮಾಡಿದಾಗಲೆಲ್ಲ ಗುರುನಾಥ, "ಕೆಲಸ ನಡದದ," ಎಂದ. ಸುಳ್ಳಾಡುವುದು ಅವನಿಗೆ ರೂಢಿ ಇರಲಿಲ್ಲ, ಹೇಳಿದ ಮೇಲೆ ಊಟ ಸೇರಲಿಲ್ಲ.

ನಿಲಂಗಾದಿಂದ ಮರಳಿ ಬಂದ ಶೀತಲ ಮೊದಲ ದಿನ ಅತ್ತಳು, ಎರಡನೇ ದಿನ ಸಿಟ್ಟಾದಳು. "ಇದ್ದದ್ದು ಇದ್ದಂಗ ಹೇಳ್ರಿ ಅವರಿಗಿ," ಎಂದಳು. "ನೀವು ನೋಡ್ಲಾರದ ಅಳಿಸಿದ್ದು ತಪ್ಪು, ನಾ ಹೇಳ್ಲಾರದ ಹೋದದ್ದು ತಪ್ಪು, ಖರೆ. ಆದ್ರ ಆ ಶಿವಕಾಂತಾ ಕಾಕೂ ಭಂಡಾರ ಹಚ್ಚದಿದ್ರ ಇದು ಆಗ್ತಿತ್ತೇನು? ಎಲ್ಲಾ ನಿಮ್ಮ ತಲಿ ಮ್ಯಾಲೇ ಯಾಕ ಹೊತ್ಕೋತೀರಿ?"

ಈ ಮಾತು ಗುರುನಾಥನಿಗೆ ಹಿಡಿಸಿತು. ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. ಅದನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಹೆಣೆದುಕೊಂಡ. ಕಾಕೂ, ನಮ್ಮಲ್ಲಿ ಭಂಡಾರ ಹಚ್ಚಿದರೆ ಒಳಗಿನದು ತೆಗೆದಿಟ್ಟಾಗಿದೆ ಎಂದು ಗುರುತು, ನೀವು ಹಚ್ಚಿ ಕಳಿಸಿದ್ದನ್ನು ನೋಡಿ ನಾನು ಮೋಸಹೋದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾಳೆ ದೇವಣಿಗೆ ಹೋಗಿ ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದ. ನಾಳೆ ಎಂದವನು ಆ ನಾಳೆಯ ಬಸ್ಸು ಹಿಡಿಯಲಿಲ್ಲ.

ಅವರೇ ಬಂದರು. ಒಂದು ಮುಂಜಾನೆ ಅಂಗಡಿಯ ಮುಂದೆ ಅಮೃತಪ್ಪ ಮತ್ತು ಶಿವಕಾಂತಾ ನಿಂತಿದ್ದರು. ಅಮೃತಪ್ಪನ ಕೊರಳಿಗೆ ಬಿಳಿ ಅರಿವೆ ಸುತ್ತಿತ್ತು, ಉಸಿರಾಡುವಾಗ ಅದು ಸಣ್ಣಗೆ ಏರಿಳಿಯುತ್ತಿತ್ತು. ಆಳು ಇಳಿದುಹೋಗಿದ್ದ, ಕಣ್ಣು ಮಾತ್ರ ಹಿಂದಿನವೇ. ಶಿವಕಾಂತಾ ಗುರುನಾಥನಿಗೆಂದು ಗಂಟಿನಲ್ಲಿ ಶೇಂಗಾದ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಆ ಹೋಳಿಗೆ ನೋಡಿ ಗುರುನಾಥನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಕುರಿ ಹಟ್ಟಿಗಿ ಬರವಲ್ವು ಮಗಾ," ಎಂದಳು ಶಿವಕಾಂತಾ, ಕೂತು ಬೆವರು ಒರೆಸಿಕೊಳ್ಳುತ್ತ. "ಮಾಳ್ಯಾ ಕೂಗಿ ಕೂಗಿ ಅವನ ಗಂಟಲಾನೂ ಹೋಗೂ ಹಂಗ ಆಗ್ಯಾದ. ಸಂಜಿಕ ಬ್ಯಾವಿನ ಗಿಡದ ಕಡಿ ಮಾರಿ ಮಾಡಿ ನಿಂದ್ರತಾವ. ನೀ ನಡದದ, ನಡದದ ಅಂದಿ. ನಾವೇ ನೋಡಿ ಬರೂಣಂತ ಬಂದೇವು. ದನಿ ಸಿಕ್ತಿಲ್ಲೋ?"

ಗುರುನಾಥ ನಿಂತೇ ಇದ್ದ. ಶೀತಲ ಒಳಗಿನಿಂದ ಅವನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಕಾಕೂ. ನನ್ನ ಕೈಯಾಗ ಅಳದುಹೋತು. ಪದಾ ಎಲ್ಲಾ ಹೋದ್ವು. ಕೂಗೂ ಹೋತು."

ಶಿವಕಾಂತಾ ಅಳಲಿಲ್ಲ, ಬೈಯಲಿಲ್ಲ. ತನ್ನ ಕಿವಿಯನ್ನು ನಂಬದವಳಂತೆ ಗಂಡನ ಕಡೆ ನೋಡಿದಳು, ಆಮೇಲೆ ಡಬ್ಬಿಯ ಕಡೆ. ಅವಳ ಬಾಯಿ ಒಂದೆರಡು ಸಲ ತೆರೆದು ಮುಚ್ಚಿತು. ಒಂದು ಗಳಿಗೆ ಆ ಗಂಡ ಹೆಂಡತಿ ಇಬ್ಬರಲ್ಲಿ ಮೂಕರಾರು ಎಂದು ಹೇಳುವುದೇ ಕಷ್ಟವಾಗಿತ್ತು.

"ಹ್ಯಾಂಗ ಹೋಗ್ತದ?" ಎಂದಳು ಕೊನೆಗೆ, ಮೆತ್ತಗೆ. "ನಾ ಭಂಡಾರ ಹಚ್ಚಿ ಕಳಿಸೀನಲ್ಲ. ನನ್ನ ಕೈಯಾರೆ ಹಚ್ಚೀನಿ. ಬೀರಪ್ಪಾ, ಇವರ ದನಿ ಕಾಯಪ್ಪಾ ಅಂತ ಹೇಳಿ ಹಚ್ಚೀನಿ. ಅದಾದ್ರೂ ಹ್ಯಾಂಗ ಹೋಗ್ತದ ಮಗಾ?"

ಹೆಣೆದಿಟ್ಟ ಮಾತು ಗುರುನಾಥನ ನಾಲಿಗೆಯ ತುದಿಗೆ ಬಂತು. ಇದಕ್ಕಿಂತ ಸರಿಯಾದ ಹೊತ್ತು ಅದಕ್ಕೆ ಸಿಗುವಂತಿರಲಿಲ್ಲ, ಅವಳೇ ಕೇಳಿದ್ದಳು. ಹೇಳಿದರೆ ಅವನ ತಲೆಯ ಭಾರ ಅರ್ಧ ಇಳಿಯುತ್ತಿತ್ತು. ಇಳಿದದ್ದು ಯಾರ ತಲೆಗೆ ಏರುತ್ತದೆ ಎಂದು ಅವಳ ಕೈ ನೋಡಿದಾಗ ಅವನಿಗೆ ತಿಳಿಯಿತು. ಆ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಹಳದಿ ಇತ್ತು. ಮನೆ ಬಿಡುವಾಗ ಗಂಡನ ಹಣೆಗೆ ಹಚ್ಚಿದ್ದಿರಬೇಕು.

ಅಷ್ಟರಲ್ಲಿ ಅಮೃತಪ್ಪ ಎದ್ದಿದ್ದ. ಅವನು ಗುರುನಾಥನನ್ನು ನೋಡುತ್ತಿರಲಿಲ್ಲ. ಗೋಡೆಯ ಬದಿ ಸಾಲಾಗಿ ಇಟ್ಟಿದ್ದ ಕಂಪ್ಯೂಟರ್ ಡಬ್ಬಿಗಳನ್ನು ನೋಡುತ್ತಿದ್ದ. ಕೆಲವುಗಳ ಹಣೆಯ ಮೇಲೆ ಹಳದಿ ಬೊಟ್ಟು ಇತ್ತು, ಕೆಲವುಗಳ ಮೇಲೆ ಇರಲಿಲ್ಲ. ಬೊಟ್ಟಿದ್ದವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಬದುಕಿಡೀ ಕುರಿಗಳಿಗೆ ಔಷಧ ಕುಡಿಸಿ ಹಣೆಗೆ ಭಂಡಾರ ಎಳೆದು ಬಿಟ್ಟ ಮನುಷ್ಯ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ತನ್ನ ಡಬ್ಬಿಯನ್ನು ನೋಡಿದ. ಅದರ ಹಣೆಯ ಮೇಲೆ ಹೆಂಡತಿ ಹಚ್ಚಿದ ಗೆರೆ.

ಅವನು ಗುರುನಾಥನ ಕಡೆ ತಿರುಗಿದ. ಅಮೃತಪ್ಪ ಹೆಬ್ಬೆರಳನ್ನು ಗಾಳಿಯಲ್ಲಿ ಸಣ್ಣಗೆ ಮೇಲಕ್ಕೆ ಎಳೆದು, ಕಣ್ಣಲ್ಲೇ ಕೇಳಿದ. ಇದೇನಾ? ಗುರುನಾಥ ತಲೆ ತಗ್ಗಿಸಿದ. ಅದೇ ಉತ್ತರವಾಯಿತು.

"ನಂದೇ ತಪ್ಪು ಕಾಕೂ," ಎಂದ ಗುರುನಾಥ. "ನೋಡ್ಬೇಕಾಗಿತ್ತು, ನೋಡ್ಲಿಲ್ಲ. ಮತ್ತೇನೂ ಇಲ್ಲ." ಒಳಗಿನಿಂದ ಶೀತಲ ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. "ಒಂದು ತುಂಡು ಉಳದದ. ಪದಾ ಅಲ್ಲ. ಕೇಳ್ತೀರೇನು?"

ಶಿವಕಾಂತಾ ತಲೆ ಆಡಿಸಿದಳು. ಅವನು ಸ್ಪೀಕರಿನ ದನಿ ಏರಿಸಿ ಆ ತುಂಡನ್ನು ಹಾಕಿದ. ಮೊದಲು ಕೆಮ್ಮು ಬಂತು. ಎಲ್ಲೋ ನಾಯಿ ಬೊಗಳಿತು. ಆಮೇಲೆ ಆ ದನಿ, ಡೊಳ್ಳಿಲ್ಲದೆ, ತಾಳವಿಲ್ಲದೆ, ಮನೆಯಲ್ಲಿ ಮಾತಾಡುವ ಸಾದಾ ದನಿ, ಇಡೀ ಅಂಗಡಿ ತುಂಬಿತು. "ಏ ಶಿವಕಾಂತಾ, ಎಲ್ಲಿ ಹ್ವಾದಿ? ಆ ನಾಯಿ ಹೊರಗ ಹಾಕು, ಬೊಗಳ್ಲಾಕತ್ತದ. ಶಿವಕಾಂತಾ. ಬಾರ ಇಲ್ಲಿ."

ಶಿವಕಾಂತಾ ಕಣ್ಣು ಮುಚ್ಚಿಕೊಂಡಳು. ಪದಗಳಲ್ಲೆಲ್ಲ ಬೀರಪ್ಪನ ಹೆಸರಿತ್ತು, ಮಾಯವ್ವ ದೇವಿಯ ಹೆಸರಿತ್ತು, ಇವಳ ಹೆಸರು ಒಂದರಲ್ಲೂ ಇರಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ.

ಅವಳ ಕಣ್ಣು ಮುಚ್ಚಿದ್ದ ಆ ಹೊತ್ತಿನಲ್ಲಿ ಅಮೃತಪ್ಪ ಡಬ್ಬಿಯ ಹತ್ತಿರ ಬಂದ. ಹೆಗಲ ಮೇಲಿನ ವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ಬೀರಪ್ಪನ ಭಂಡಾರ ನೆಲಕ್ಕೆ ಉದುರಿದರೂ ಬಗ್ಗಿ ಎತ್ತಿ ಹಣೆಗೆ ಒತ್ತಿಕೊಳ್ಳುವವನು ಅವನು. ಅಂಥವನು ಡಬ್ಬಿಯ ಹಣೆಯ ಮೇಲಿನ ಆ ಹಳದಿ ಗೆರೆಯನ್ನು ಒಂದು ಕಣವೂ ಉಳಿಯದ ಹಾಗೆ, ಮೆಲ್ಲಗೆ, ಸದ್ದಾಗದಂತೆ ಒರೆಸಿ ತೆಗೆದ. ಗುರುನಾಥ ಬೆಚ್ಚಿ ಕೈ ಮುಂದೆ ಚಾಚಿದ. ಅಮೃತಪ್ಪ ಅವನ ಕಡೆ ತಿರುಗಿ, ಹೆಂಡತಿಯನ್ನು ಕಣ್ಣಲ್ಲೇ ತೋರಿಸಿ, ತನ್ನ ತುಟಿಯ ಮೇಲೆ ಬೆರಳಿಟ್ಟ. ಮಾತೇ ಇಲ್ಲದ ಮನುಷ್ಯ ಮಾತಿರುವವನಿಗೆ ಸುಮ್ಮನಿರು ಎಂದ. ಆಮೇಲೆ ವಸ್ತ್ರವನ್ನು ಮಡಚಿ, ಹಳದಿಯಾದ ತುದಿ ಒಳಗೆ ಹೋಗುವಂತೆ ಹೆಗಲಿಗೆ ಹಾಕಿಕೊಂಡು, ಹೆಂಡತಿಯ ಮಗ್ಗುಲಿಗೆ ಹೋಗಿ ಕೂತ.

"ಇನ್ನೊಮ್ಮಿ ಹಾಕಪಾ," ಎಂದಳು ಶಿವಕಾಂತಾ, ಕಣ್ಣು ತೆರೆಯದೆ.

ಗುರುನಾಥ ಹಾಕಿದ. ಕೆಮ್ಮು ಬಂತು, ನಾಯಿ ಬೊಗಳಿತು, ಆ ದನಿ ಅವಳನ್ನು ಹೆಸರು ಹಿಡಿದು ಕರೆಯಿತು.

"ಇದಕ್ಕ ಕುರಿ ಬರಂಗಿಲ್ಲ," ಎಂದಳು ಅವಳು. ಮಗ್ಗುಲಲ್ಲಿದ್ದ ಗಂಡನ ಕೈಯನ್ನು ತಡಕಿ ಹಿಡಿದುಕೊಂಡಳು. "ನಾ ಬರ್ತೀನಿ."